ದಿನಕ್ಕೆ ಎರಡೇ ತರಗತಿಯಾದರೆ ಉಳಿದ ಹೊತ್ತು ಏನು ಮಾಡುತ್ತೀಯ?

ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ನಾನು ಪರಿಸರ ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ನನ್ನ ವೇಳಾಪಟ್ಟಿ ನೋಡಿದ ಬಂಧುಗಳೂ ಇಲ್ಲಿಗೆ ಅರ್ಜಿ ಹಾಕಬೇಕೆಂದಿರುವ ಕಿರಿಯರೂ ಕೇಳುವುದು ಒಂದೇ ಪ್ರಶ್ನೆ: "ದಿನಕ್ಕೆ ಎರಡು ತರಗತಿ, ಹೆಚ್ಚಿನ ಕಡೆ ಹಾಜರಿಯನ್ನೂ ಹಾಕುವುದಿಲ್ಲ ಅಂತೀಯ, ಮತ್ತೆ ಉಳಿದ ಹೊತ್ತೆಲ್ಲ ಏನಪ್ಪ ಮಾಡ್ತೀಯ?" ಬೆಳಿಗ್ಗೆಯಿಂದ ಸಂಜೆಯವರೆಗೆ ತರಗತಿಯಲ್ಲಿ ಕೂತು, ಹಾಜರಾತಿ 75%ಕ್ಕಿಂತ ಇಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂಬ ಭಯದಲ್ಲೇ ಪದವಿ ಮುಗಿಸಿದ ನಮಗೆ ಈ ಅನುಮಾನ ಬರುವುದು ಸಹಜ.

ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಯುರೋಪಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ ಗಳಿಸಬೇಕು. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ 30 ಗಂಟೆಗಳ ಕೆಲಸವೆಂದು ಎಣಿಸುತ್ತಾರೆ. ಹಾಗಾಗಿ ಆರು ಕ್ರೆಡಿಟ್ಟಿನ ಒಂದು ವಿಷಯಕ್ಕೆ 180 ಗಂಟೆ. ವಾರಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವಾರ ತರಗತಿ ನಡೆದರೂ ಆಗುವುದು 60 ಗಂಟೆ ಮಾತ್ರ. ಉಳಿದ 120 ಗಂಟೆ ವೇಳಾಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ, ಅದನ್ನು ಯಾವಾಗ, ಎಲ್ಲಿ ಕೂತು ಮಾಡಬೇಕೆಂದು ಯಾರೂ ಹೇಳುವುದೂ ಇಲ್ಲ. ನಮ್ಮಲ್ಲಿ ಪಾಠ ನಡೆಯುವುದು ತರಗತಿಯಲ್ಲಿ. ಇಲ್ಲಿ ಪ್ರಾಧ್ಯಾಪಕರು ತರಗತಿಯಲ್ಲಿ ಕೊಡುವುದು ಏನನ್ನು ಓದಬೇಕೆಂಬ ದಿಕ್ಕನ್ನು ಮಾತ್ರ ಎಂದರೆ ಅತಿಶಯೋಕ್ತಿಯೇನಲ್ಲ.

ಆ ಗಂಟೆಗಳಲ್ಲಿ ಬಹುಪಾಲು ವಾರದ ಲೆಕ್ಕದ ಹಾಳೆಗೆ ಹೋಗುತ್ತದೆ. ಉಪನ್ಯಾಸದ ಜೊತೆಗೆ ಅಭ್ಯಾಸ ತರಗತಿ ಇರುವ ವಿಷಯಗಳಲ್ಲಿ ಪ್ರತಿ ವಾರವೂ ನಾಲ್ಕೈದು ಪ್ರಶ್ನೆಗಳ ಒಂದು ಹಾಳೆ ಬರುತ್ತದೆ, ಮುಂದಿನ ವಾರ ಅದನ್ನು ಬಿಡಿಸಿ ಒಪ್ಪಿಸಬೇಕು. ಸಾಮಾನ್ಯವಾಗಿ ಇಬ್ಬಿಬ್ಬರು ಸೇರಿ ಮಾಡುತ್ತೇವೆ. ಅಂತರ್ಜಲದ ಹರಿವಿನ ಕುರಿತ ಪ್ರಶ್ನೆಯೊಂದು ನೋಡಲು ಮೂರು ಸಾಲಿನದ್ದಾಗಿರುತ್ತದೆ. ಮರಳಿನ ಪದರದ ವಾಹಕತೆ, ಅಂದರೆ ಅದರೊಳಗೆ ನೀರು ಎಷ್ಟು ಸುಲಭವಾಗಿ ಹರಿಯುತ್ತದೆಂಬ ಅಳತೆ, ಕೊಟ್ಟಿರುತ್ತಾರೆ, ಎರಡು ಬಾವಿಗಳ ನೀರಿನ ಮಟ್ಟ ಕೊಟ್ಟಿರುತ್ತಾರೆ, ನಡುವಿನ ಜೇಡಿಪದರವನ್ನು ಹೇಗೆ ಪರಿಗಣಿಸಬೇಕೆಂದು ಮಾತ್ರ ಹೇಳಿರುವುದಿಲ್ಲ. ಅದನ್ನು ನಾವೇ ಊಹಿಸಿ, ಊಹೆಗೆ ಕಾರಣವನ್ನೂ ಬರೆಯಬೇಕು. ಸೂತ್ರಕ್ಕೆ ಸಂಖ್ಯೆ ತುಂಬುವುದು ಹತ್ತು ನಿಮಿಷದ ಕೆಲಸ, ಕಾರಣ ಬರೆಯುವುದಕ್ಕೆ ಒಂದು ಸಂಜೆಯೇ ಬೇಕಾಗುತ್ತದೆ. ಹಲವು ವಿಷಯಗಳಲ್ಲಿ ಈ ಹಾಳೆಗಳಲ್ಲಿ ಅರ್ಧದಷ್ಟಾದರೂ ಅಂಕ ಬಾರದಿದ್ದರೆ ಕೊನೆಯ ಪರೀಕ್ಷೆ ಬರೆಯಲು ಬಿಡುವುದಿಲ್ಲ. ಹಾಜರಾತಿಯ ಬೆದರಿಕೆಗಿಂತ ಇದು ಹೆಚ್ಚು ಪರಿಣಾಮಕಾರಿ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆಗೆ ಹೆಸರು ನೋಂದಾಯಿಸುವುದೂ ನಮ್ಮದೇ ಜವಾಬ್ದಾರಿ. ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಗಡುವಿನೊಳಗೆ ಗುಂಡಿ ಒತ್ತದಿದ್ದರೆ, ಇಡೀ ಸೆಮಿಸ್ಟರ್ ಓದಿದವನೂ ಹೊರಗೇ ಉಳಿಯುತ್ತಾನೆ. ಯಾರೂ ನೆನಪಿಸುವುದಿಲ್ಲ, ಮನೆಗೆ ಪತ್ರವನ್ನಂತೂ ಬರೆಯುವುದೇ ಇಲ್ಲ. ಅಂದಹಾಗೆ, ಇಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಕನಿಷ್ಠ ಉತ್ತೀರ್ಣ, 5.0 ಬಂದರೆ ಅನುತ್ತೀರ್ಣ. "ಒಂದೂವರೆ ಅಂಕ ಬಂತು" ಎಂದು ಅಜ್ಜಿಗೆ ಫೋನಿನಲ್ಲಿ ಸಂತೋಷದಿಂದ ಹೇಳುವ ಮುನ್ನ ಇಷ್ಟನ್ನು ವಿವರಿಸಬೇಕಾಗುತ್ತದೆ.

ಓದಿನ ಹೊರಗಿನ ಕೆಲಸವೂ ಕಡಿಮೆಯೇನಿಲ್ಲ. ವಿಶ್ವವಿದ್ಯಾಲಯ ಆರಂಭವಾದದ್ದು 1477ರಲ್ಲಿ, ಊರಿನ ಜನಸಂಖ್ಯೆ ಸುಮಾರು 90 ಸಾವಿರ, ಅದರಲ್ಲಿ ವಿದ್ಯಾರ್ಥಿಗಳದ್ದೇ ದೊಡ್ಡ ಪಾಲು. ಹೀಗಾಗಿ ಕೋಣೆ ಸಿಗುವುದೇ ಕಷ್ಟ. ಊರಿನ ಉತ್ತರಕ್ಕೆ ಗುಡ್ಡದ ಮೇಲಿರುವ ವಾಲ್ಡ್‌ಹಾಯ್ಸರ್ ಓಸ್ಟ್ ಬಡಾವಣೆಯ ವಿದ್ಯಾರ್ಥಿನಿಲಯಗಳಲ್ಲಿ ಕೋಣೆ ಪ್ರತ್ಯೇಕ, ಅಡುಗೆಮನೆ ಎಲ್ಲರದ್ದು. ಹಾಸ್ಟೆಲ್ ಎಂದಾಕ್ಷಣ ನಮಗೆ ಮೆಸ್ ನೆನಪಾಗುತ್ತದೆ, ಇಲ್ಲಿ ಅದಿಲ್ಲ. ಮಧ್ಯಾಹ್ನ ಮೆನ್ಸಾ ಎಂಬ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ವಿದ್ಯಾರ್ಥಿ ದರಕ್ಕೆ ಊಟ ಸಿಗುತ್ತದೆ, ಸಸ್ಯಾಹಾರವೂ ಇರುತ್ತದೆ. ರಾತ್ರಿಯದ್ದು ನಮ್ಮ ಪಾಡು. ಅಡುಗೆಮನೆಯ ಗೋಡೆಯ ಮೇಲೆ ಸರದಿಯ ಪಟ್ಟಿ ಅಂಟಿಸಿರುತ್ತದೆ: ಈ ವಾರ ಒಲೆ ಯಾರು ಒರೆಸಬೇಕು, ಕಸ ಯಾರು ಇಳಿಸಬೇಕು. ಕಸವೆಂದರೆ ಕಾಗದ ಬೇರೆ, ತರಕಾರಿ ಸಿಪ್ಪೆ ಬೇರೆ, ಪ್ಲಾಸ್ಟಿಕ್ ಹೊದಿಕೆ ಬೇರೆ, ಉಳಿದದ್ದು ಬೇರೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತಂದಿಡಬೇಕು. ಹೊರಗಿನಿಂದ ಊಟ ಕಟ್ಟಿಸಿಕೊಳ್ಳಲು ಹೋದರೆ ನಾನು ಮನೆಯಿಂದ ಡಬ್ಬಿ ಒಯ್ಯುತ್ತೇನೆ. ಬಳಸಿ ಎಸೆಯುವ ಪೊಟ್ಟಣಗಳಿಗೆ ಈ ನಗರಸಭೆ 2022ರಿಂದ 50 ಸೆಂಟ್ ತೆರಿಗೆ ಹಾಕುತ್ತದೆ. ಅದರ ವಿರುದ್ಧದ ದಾವೆ ಜರ್ಮನಿಯ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, ಕೊನೆಗೆ ತೆರಿಗೆಯೇ ಉಳಿಯಿತು.

ಇನ್ನು ದುಡ್ಡಿನ ವಿಷಯ. ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಈ ರಾಜ್ಯದ ಮಟ್ಟಿಗೆ ಪೂರ್ತಿ ನಿಜವಲ್ಲ. ಬಾಡೆನ್-ವ್ಯೂರ್ಟೆಂಬೆರ್ಗ್ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸಿತು. ವೀಸಾಕ್ಕಾಗಿ ತಡೆಹಿಡಿದ ಖಾತೆಯಲ್ಲಿ ಒಂದು ವರ್ಷದ ಖರ್ಚನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೊಗೆ ಏರಿಸಿದರು. ಅದು ನಮಗೆ ತಿಂಗಳಿಗೆ 992 ಯೂರೊನಂತೆ ಬಿಡುಗಡೆಯಾಗುತ್ತದೆ. ಸಾಲದೆ ಬಂದರೆ ಕೆಲಸ ಮಾಡಬೇಕು. ಪ್ರಯೋಗಾಲಯದಲ್ಲಿ ಹಿವಿ, ಅಂದರೆ ವಿದ್ಯಾರ್ಥಿ ಸಹಾಯಕನ ಕೆಲಸ ಸಿಕ್ಕರೆ ಅದೃಷ್ಟ: ಮಣ್ಣಿನ ಮಾದರಿಗಳನ್ನು ಒಣಗಿಸಿ, ಜರಡಿ ಹಿಡಿದು, ತೂಗಿ, ಚೀಟಿ ಅಂಟಿಸುವುದು. ಬೇಸರದ ಕೆಲಸವೇ, ಆದರೆ ಪುಸ್ತಕದಲ್ಲಿ ಓದಿದ ಜೇಡಿ, ಗೋಡು, ಮರಳುಗಳ ವ್ಯತ್ಯಾಸ ನನ್ನ ಬೆರಳಿಗೆ ತಿಳಿದದ್ದು ಅಲ್ಲಿಯೇ.

ಹಾಗೆಂದು ಬಿಡುವೇ ಇಲ್ಲವೆಂದಲ್ಲ. ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಆಗ ಊರಿಗೆ ಊರೇ ನೆಕ್ಕಾರ್ ನದಿಯ ದಂಡೆಯ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು. ಗ್ರಂಥಾಲಯ ತುಂಬಿರುವುದು ಆಗಲೇ. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅವರ ವಿಷಯ ನನ್ನ ಓದಿಗೆ ಸಂಬಂಧಿಸದಿದ್ದರೂ ಅವರ ಶ್ರಮದ ನೆನಪು ಕೆಲವೊಮ್ಮೆ ಕುರ್ಚಿಯಿಂದ ಏಳದಂತೆ ಹಿಡಿದಿಡುತ್ತದೆ ಎಂದು ಬರೆಯಲು ಹೊರಟೆ. ನಿಜ ಹೇಳಬೇಕೆಂದರೆ ಹಿಡಿದಿಡುವುದು ಒಳಗಿನ ಬಿಸಿ ಗಾಳಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಬರುತ್ತದೆ: ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ ತರಗತಿ ಇಲ್ಲವಲ್ಲ, ಊರಿಗೆ ಬರಬಾರದೇ? ಆ ಎರಡು ತಿಂಗಳಲ್ಲಿ ಪರೀಕ್ಷೆಗಳಿರುತ್ತವೆ, ಮೊದಲ ಸಲ ತಪ್ಪಿದವರಿಗೆ ಎರಡನೇ ಪರೀಕ್ಷೆ ಇರುತ್ತದೆ, ಹದಿನೈದು ಇಪ್ಪತ್ತು ಪುಟಗಳ ಪ್ರಬಂಧ ಒಪ್ಪಿಸುವುದಿರುತ್ತದೆ, ಪ್ರಯೋಗಾಲಯದಲ್ಲಿ ಹೆಚ್ಚು ಗಂಟೆ ದುಡಿಯುವ ಅವಕಾಶವೂ ಇರುತ್ತದೆ. ಆದ್ದರಿಂದ ಬರುವುದು ನಿಜ, ಟಿಕೆಟ್ ತೆಗೆಯುವುದು ಮಾತ್ರ ಪರೀಕ್ಷೆಯ ದಿನಾಂಕಗಳು ಪ್ರಕಟವಾದ ಮೇಲೆ.