ಯಾವ ವಾಸನಿ?

ಬೆಂಗಳೂರಿಂದ ತಂಗಿ ಮಗಳು ಬಂದಾಳ. ಗಂಗಾವತಿ ಬಸ್ ಸ್ಟ್ಯಾಂಡಿನಾಗ ಇಳಿದು ನನ್ನ ಬೈಕ್ ಹತ್ತಿದ್ಲು. ಸ್ವಲ್ಪ ದೂರ ಬರೋದ್ರೊಳಗ ಮೂಗಿಗೆ ದುಪಟ್ಟಾ.

"ಮಾಮಾ, ಏನಿದು ವಾಸನೆ?"

"ಯಾವ ವಾಸನಿ?"

ಖರೇನ ನನಗೇನೂ ಬಂದಿರಲಿಲ್ಲ. ಪಕ್ಕದಾಗ ರೈಸ್ ಮಿಲ್ಲು. ನೆನೆಹಾಕಿದ ಭತ್ತ ಹಬೆಯಾಗ ಬೇಯ್ತಿತ್ತು. ಬೆಚ್ಚಗ, ಒಂಚೂರು ಹುಳಿಹುಳಿ ಬರ್ತದ ಅದು. ಬರ್ತದ ಅಂತ ಗೊತ್ತು, ಅಷ್ಟ. ಒಂದೇ ವಾಸನಿ ಬಿಡದ ಬಂದ್ರ ಮೂಗು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ರಾತ್ರಿ ಕುಂತು ಓದಿದೆ, ವಾಸನಿ ಅಳೆಯೋದು ಹೆಂಗ ಅಂತ. ಮೀಟರ್ ಇರ್ತದ ಅಂದ್ಕೊಂಡಿದ್ದೆ. ಇಲ್ಲ, ಮನುಷ್ಯಾರ ಮೂಗೇ ಮೀಟರ್! ಯುರೋಪಿನ ಪದ್ಧತಿಯೊಳಗ ಮೊದಲು ಬ್ಯೂಟನಾಲ್ ಅನ್ನೋ ವಾಸನಿ ರಾಸಾಯನಿಕ ಮೂಸಿಸಿ ಜನರನ್ನ ಆರಿಸ್ತಾರ. ತೀರಾ ಚುರುಕು ಮೂಗೂ ಬ್ಯಾಡ, ತೀರಾ ಮೊಂಡೂ ಬ್ಯಾಡ. (ಸೊಸಿ ಹುಡುಕಿದಂಗ ಆತು.) ಆಮೇಲೆ ವಾಸನಿ ಗಾಳಿಗೆ ಶುದ್ಧ ಗಾಳಿ ಬೆರೆಸ್ಕೋತ ನೋಡೋದು. ಯಾವ ಹದಕ್ಕ ಅರ್ಧ ಮಂದಿಗೆ ಗೊತ್ತಾಗ್ತದ, ಅರ್ಧ ಮಂದಿಗೆ ಇಲ್ಲ, ಅದೇ ಅಳತಿ. 500 ಪಟ್ಟು ತೆಳುವಾದಾಗ ಹಂಗಾದ್ರ, 500 ಯೂನಿಟ್.

ಇನ್ನೊಂದು ಮಜಾ. ಆ 500ನ್ನ 250ಕ್ಕ ಇಳಿಸಿದ್ರ ಮೂಗಿಗೆ ಅರ್ಧ ಕಮ್ಮಿ ಆದಂಗ ಅನಿಸೋದಿಲ್ಲಂತ. ಒಂದೀಟು ತಗ್ಗಿದಂಗ, ಅಷ್ಟ.

ಬೆಳಿಗ್ಗೆ ಚಾ ಕುಡಿಯೋವಾಗ ಇದನ್ನೆಲ್ಲಾ ಹೇಳಿದೆ. ಹುಡುಗಿ ಪೂರಾ ಕೇಳಿ, "ಮಾಮಾ, ನಿಮ್ಮ ಅಂಗಿಗೂ ಅದೇ ವಾಸನೆ ಇದೆ" ಅಂದ್ಲು.

ತೋಳು ಮೂಸಿ ನೋಡಿದೆ. ಸೋಪಿಂದು ಬಿಟ್ರ ಏನೂ ಇಲ್ಲ.