ಅಲುಗದೆ ನಿಂತರೆ ಬ್ಯಾಲೆನ್ಸ್ ಸರಿಯಿದೆ ಅಂತಲ್ಲ

ಸಿಂಗಲ್ ಲೆಗ್ ಸ್ಟ್ಯಾನ್ಸ್, ಅಂದರೆ ಒಂಟಿಕಾಲಲ್ಲಿ ನಿಲ್ಲುವ ಟೆಸ್ಟ್. ಕಣ್ಣು ತೆರೆದು, ಗುರಿ 30 ಸೆಕೆಂಡ್. 6ನೇ ಸೆಕೆಂಡಿಗೆ ಕಾಲು ನೆಲಕ್ಕೆ ಬಂತು. ಫಿಸಿಯೋಥೆರಪಿಗೆ ನನ್ನಲ್ಲಿ ಬಂದ ಪೇಷಂಟ್‌ಗೆ ಎರಡು ವರ್ಷದ ಸೊಂಟನೋವು. ಎಂಆರ್‌ಐಯಲ್ಲಿ ವಯಸ್ಸಿಗೆ ತಕ್ಕ ಡಿಸ್ಕ್ ಸವೆತ ಬಿಟ್ಟರೆ ಹೇಳುವಂಥದ್ದಿಲ್ಲ. ಪವರ್ (ಸ್ನಾಯುಬಲ) ಎರಡೂ ಕಾಲಲ್ಲಿ 5ಕ್ಕೆ 5, ರಿಫ್ಲೆಕ್ಸ್ ಸರಿ, ಸೆನ್ಸೇಷನ್ ಸರಿ. ಫೈಲಿನಲ್ಲಿ ನಾನು ಬರೆದದ್ದು ‘ಕೋರ್ ವೀಕ್’, ಅಂದರೆ ಹೊಟ್ಟೆ, ಬೆನ್ನಿನ ಸ್ನಾಯು ದುರ್ಬಲ. ಆ ಎರಡು ಪದಕ್ಕೆ ಪೇಷಂಟ್‌ನ 6 ವಾರ ಹೋಯಿತು.

6 ವಾರವೂ ಬ್ರಿಜಿಂಗ್, ಬರ್ಡ್ ಡಾಗ್, ಪ್ಲ್ಯಾಂಕ್ ಎಂಬ ಕೋರ್ ವ್ಯಾಯಾಮಗಳು. ಪ್ರತಿ ಸಲವೂ ಒಂದೇ ಮಾತು: ಹೊಟ್ಟೆ ಬಿಗಿ ಹಿಡೀರಿ, ಸೊಂಟ ಅಲ್ಲಾಡಬಾರದು. ರೀಟೆಸ್ಟ್‌ನಲ್ಲಿ ನಿಂತದ್ದು 4 ಸೆಕೆಂಡ್. ವೈ ಬ್ಯಾಲೆನ್ಸ್ ಅನ್ನುವುದು ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಮೂರು ದಿಕ್ಕಿಗೆ ಚಾಚುವ ಟೆಸ್ಟ್. ಅದರಲ್ಲಿ ಕಾಲು ಮುಂದಕ್ಕೆ ಚಾಚಿದರು. ಹಿಂದಕ್ಕೆ ಚಾಚುವ ಎರಡು ದಿಕ್ಕಿಗೆ ಒಪ್ಪಲೇ ಇಲ್ಲ. “ಬಗ್ಗಿದ್ರೆ ಡಿಸ್ಕ್ ಜಾರುತ್ತಲ್ವಾ ಮೇಡಂ?”

ಆಮೇಲೇ ಸರಿಯಾಗಿ ನೋಡಿದ್ದು. ಕಾಲ್ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು, ಉಗುರಿನ ಸುತ್ತ ಬಿಳಿಚಿಕೊಂಡಿತ್ತು. ಕಾಲೆತ್ತುವ ಮೊದಲೇ ಬೆನ್ನುಮೂಳೆಯ ಎರಡೂ ಬದಿ ಸ್ನಾಯು ಹಗ್ಗದ ಹಾಗೆ ಎದ್ದಿತ್ತು. ಉಸಿರು ನಿಂತಿತ್ತು. ದೃಷ್ಟಿ ಹೆಬ್ಬೆರಳು ಬಿಟ್ಟು ಕದಲುತ್ತಿರಲಿಲ್ಲ.

ಒಂಟಿಕಾಲಲ್ಲಿ ನಿಂತಾಗ ಸಣ್ಣ ತೂಗಾಟವನ್ನು ಪಾದದ ಕೀಲು ಸರಿಪಡಿಸುತ್ತದೆ. ತೂಗಾಟ ದೊಡ್ಡದಾದರೆ ಹಿಪ್ (ತೊಡೆಯ ಕೀಲು) ಕೆಲಸಕ್ಕಿಳಿಯಬೇಕು. ಹೊಟ್ಟೆ, ಬೆನ್ನಿನ ಸ್ನಾಯುಗಳು ಒಟ್ಟಿಗೆ ಬಿಗಿದುಕೊಂಡರೆ ಮುಂಡವೂ ಹಿಪ್ಪೂ ಒಂದೇ ದಿಮ್ಮಿಯಾಗಿ, ಭಾರವೆಲ್ಲ ಪಾದದ ಮೇಲೆ ಬೀಳುತ್ತದೆ. ಆಗ ತೂಗಾಟ ಚಿಕ್ಕದಾಗಿ, ಚುರುಕಾಗಿ ಇರಬಹುದು. ನೋಡುವವರಿಗೆ ಅದು ಸ್ಥಿರತೆ ಅನ್ನಿಸುತ್ತದೆ. ಎತ್ತರದ ಅಂಚಿನಲ್ಲಿ ನಿಂತು ಹೆದರಿದವರ ದೇಹವೂ ಹೀಗೇ ಮಾಡುತ್ತದೆ. ಮಿತಿ ಮೀರಿದ ಕ್ಷಣ ಬಳಸಲು ಬೇರೆ ದಾರಿ ಉಳಿದಿರುವುದಿಲ್ಲ, ಕಾಲು ಕೆಳಗೆ ಬರುತ್ತದೆ. ಇದರ ಜೊತೆಗೆ, ತಾನಾಗಿ ನಡೆಯಬೇಕಾದ ಕೆಲಸವನ್ನು ಮನಸ್ಸು ಕಾವಲು ಕಾಯುತ್ತ ಕೂತರೆ ಅದು ಇನ್ನಷ್ಟು ಒರಟಾಗುತ್ತದೆ. ನನ್ನ ‘ಬಿಗಿ ಹಿಡೀರಿ’ ಇದೇ ಕಾವಲನ್ನು ದಿನಾ ಗಟ್ಟಿ ಮಾಡುತ್ತಿತ್ತು.

ಎಲ್ಲ ಸೊಂಟನೋವಿನವರೂ ಹೀಗಲ್ಲ. ಕೆಲವರು ಹೆಚ್ಚು ತೂಗಾಡುತ್ತಾರೆ, ಕೆಲವರು ಕಡಿಮೆ. ಹೊಸದಾಗಿ ಕಾಲಿನ ಬಲ ಕುಂದಿದ್ದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅದನ್ನು ಭಯದ ಲೆಕ್ಕಕ್ಕೆ ಹಾಕಲೇಬೇಡಿ, ಅದೇ ಹೊತ್ತಿಗೆ ತುರ್ತು ಚಿಕಿತ್ಸೆಗೆ ಕಳಿಸಿ.

ಟೆಸ್ಟನ್ನು ಈಗ ಎರಡು ರೀತಿ ಮಾಡಿಸುತ್ತೇನೆ. ಒಮ್ಮೆ ಸುಮ್ಮನೆ ನಿಲ್ಲುವುದು, ಇನ್ನೊಮ್ಮೆ 100ರಿಂದ 3-3 ಕಳೆಯುತ್ತ ಜೋರಾಗಿ ಹೇಳುವುದು. ಎರಡಕ್ಕೂ ಮೂರು ಮೂರು ಪ್ರಯತ್ನ, ಅದಲು ಬದಲಾಗಿ. ಹಾಗೆ ಮಾಡದಿದ್ದರೆ ಅಭ್ಯಾಸದಿಂದ ಬಂದ ಸುಧಾರಣೆಯನ್ನೇ ಫಲಿತಾಂಶ ಅಂದುಕೊಳ್ಳುತ್ತೇವೆ. ಮಾತಾಡುವಾಗ ಉಸಿರು ಹಿಡಿಯಲಾಗದು, ಅದು ಇನ್ನೊಂದು ಲಾಭ. ಲೆಕ್ಕದ ಜೊತೆ ಸಮಯ ಹೆಚ್ಚಿದರೆ ಬಿಗಿತ ಮತ್ತು ಅತಿಗಮನದ ಪಾಲಿದೆ ಎಂಬ ಸುಳಿವು. ಕಡಿಮೆಯಾದರೆ ಪಾದದ ಸಂವೇದನೆ, ಹಿಪ್ ಬಲ, ಒಳಕಿವಿ ಎಲ್ಲವನ್ನೂ ಮತ್ತೆ ನೋಡಬೇಕು. ಈ ಪೇಷಂಟ್ 91 ದಾಟುವಷ್ಟರಲ್ಲಿ ಬೆರಳು ಸಡಿಲಾಯಿತು. ಕಾಲು ಕೆಳಗೆ ಬಂದಾಗ ಗಡಿಯಾರದಲ್ಲಿ 17 ಸೆಕೆಂಡ್.

ವ್ಯಾಯಾಮದಲ್ಲಿ ಹೆಚ್ಚು ಬದಲಾದದ್ದು ನನ್ನ ಮಾತು. ‘ಬಿಗಿ’ ಹೋಗಿ ‘ಎದುರಿನ ಗೋಡೆಯ ಗುರುತು ನೋಡಿ’ ಬಂತು. ಯಾವ ಚಲನೆಗೆ ಎಷ್ಟು ಭಯ ಅಂತ 0ಯಿಂದ 10ರವರೆಗೆ ಅಂಕ ಕೊಡಿಸಿ, 3-4 ಅಂಕದ್ದರಿಂದ ಶುರು. ಮಾಡುವ ಮೊದಲು ‘ಏನಾಗುತ್ತೆ ಅನ್ಸುತ್ತೆ?’, ಮಾಡಿದ ಮೇಲೆ ‘ಏನಾಯ್ತು?’ ಈ ಎರಡನೇ ಪ್ರಶ್ನೆ ಬಿಟ್ಟರೆ ಅಭ್ಯಾಸ ಬರೀ ಕಸರತ್ತಾಗಿ ಉಳಿಯುತ್ತದೆ. ಪೇಷಂಟ್‌ನ ಸೊಂಟದ ಹತ್ತಿರ ಕೈ ಚಾಚಿ ಕಾಯುತ್ತ ನಿಲ್ಲುವುದೂ ಬೀಳ್ತೀರಿ ಅಂತ ಹೇಳಿದಂತೆಯೇ. ಕೈಗೆ ಎಟುಕುವಂತೆ ಪ್ಯಾರಲಲ್ ಬಾರ್ (ಎರಡೂ ಬದಿಯ ಹಿಡಿಕಂಬಿ) ಇರಲಿ, ನಾವು ಪಕ್ಕಕ್ಕಿರೋಣ. ಮೆತ್ತನೆಯ ಫೋಮ್ ಪ್ಯಾಡ್ ಮೇಲೆ ನಿಲ್ಲುವುದು ಮತ್ತು ಕಣ್ಣು ಮುಚ್ಚುವುದನ್ನು ಒಂದೇ ದಿನ ಸೇರಿಸಿದರೆ ಬಿಗಿತ ಹಾಗೇ ವಾಪಸ್ ಬರುತ್ತದೆ.

ಇದೆಲ್ಲ ಮೊದಲ ದಿನವೇ ಗೊತ್ತಾಗಬಹುದಿತ್ತು. ಚಲನೆಯ ಭಯ ಅಳೆಯುವ ಪ್ರಶ್ನಾವಳಿಯಾದ ಟ್ಯಾಂಪಾ ಸ್ಕೇಲ್‌ನಲ್ಲಿ 17 ಪ್ರಶ್ನೆ, ಅಂಕ 17ರಿಂದ 68. 37 ದಾಟಿದರೆ ಭಯ ಹೆಚ್ಚು ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. 20 ನಿಮಿಷದ ಸ್ಲಾಟಿನಲ್ಲಿ ಅದಕ್ಕೆ ಜಾಗವಿಲ್ಲ ಅಂತ ಬಿಟ್ಟಿದ್ದೆವು, ಈಗ ಒಳಗೆ ಕರೆಯುವ ಮೊದಲೇ ಪೇಷಂಟ್ ಕುರ್ಚಿಯಲ್ಲಿ ಕೂತು ತುಂಬುತ್ತಾರೆ. ಆದರೆ ಕಂಪ್ಯೂಟರಿನ ಫಾರ್ಮ್ ನಂಬಬೇಡಿ. 4, 8, 12, 16ನೇ ಪ್ರಶ್ನೆಗಳನ್ನು ತಿರುಗಿಸಿ (ಉತ್ತರ 4 ಇದ್ದರೆ 1, 1 ಇದ್ದರೆ 4) ಅಂಕ ಹಾಕಬೇಕು, ನಮ್ಮದು ನೇರವಾಗಿ ಕೂಡಿಸುತ್ತದೆ. ಅತಿ ಹೆಚ್ಚು ಹೆದರಿದವರಿಗೆ 68ರ ಬದಲು 56 ತೋರಿಸುತ್ತದೆ, ಭಯವೇ ಇಲ್ಲದವರಿಗೆ 17ರ ಬದಲು 29. ದೂರು ಕೊಟ್ಟಾಗಿದೆ, ಇನ್ನೂ ಸರಿಮಾಡಿಲ್ಲ. ಅಲ್ಲಿಯವರೆಗೆ ಆ ನಾಲ್ಕು ಉತ್ತರವನ್ನು 5ರಿಂದ ಕಳೆದು, ಪೆನ್ನಿನಲ್ಲೇ ಕೂಡಿಸಿ ಫೈಲಿನ ಮೊದಲ ಪುಟದಲ್ಲಿ ಬರೆಯುತ್ತಿದ್ದೇವೆ.