ನೀರಿಗಂಜುವ ಅವ್ವನ ಜೊತೆ ಹಡಗಿನ ಮೊದಲ ದಿನ

ಬಾಗಲಕೋಟೆಯವರಾದ ನಮಗೆ ನೀರೆಂದರೆ ಕೃಷ್ಣೆಯ ಮೇಲಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಎಷ್ಟೋ ವರ್ಷಗಳ ಮೇಲೆ ತುಂಬಿ ನಿಂತಾಗ, ಹಳೇ ಊರಿನ ಎಷ್ಟೋ ಓಣಿಗಳು ಅದರಡಿ ಹೋದವು. ಅವುಗಳಲ್ಲಿ ನಮ್ಮ ಓಣಿಯೂ ಒಂದು. ನವನಗರಕ್ಕೆ ಬಂದು ಇಷ್ಟು ಕಾಲವಾದರೂ ಅವ್ವ ಹಿನ್ನೀರಿನ ದಂಡೆಗೆ ಹೋಗಿ ನಿಂತವಳಲ್ಲ. ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗೋಣ ಎಂದಾಗ, "ಮನಿ ನುಂಗಿದ ನೀರು. ಅದರ ಮ್ಯಾಲ ಹಾಸಿಗಿ ಹಾಸಿ ಮಲಗು ಅಂತೀಯೇನು?" ಎಂದು ಎದ್ದು ಒಳಗೆ ಹೋಗಿದ್ದಳು. ಕೊನೆಗೆ ಒಪ್ಪಿಸಿದ್ದು ನನ್ನ ಮಗಳು. "ಆಯಿ ಬರಲಿಲ್ಲಂದ್ರ ನಾನೂ ಒಲ್ಲೆ" ಎಂದು ಹಟ ಹಿಡಿದಳು.

ಹೊರಗಿನ ತಿಂಡಿಯನ್ನು ಹಡಗಿನೊಳಗೆ ಬಿಡುವುದಿಲ್ಲವೆಂದು ಮೊದಲೇ ತಿಳಿದಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲವೂ ರೈಲಿನಲ್ಲೇ, ಸೊಲ್ಲಾಪುರ ಬರುವಷ್ಟರಲ್ಲಿ ಮುಗಿದವು. ಬೆಳಿಗ್ಗೆ ಮುಂಬೈಯ ಸಿಎಸ್‌ಎಂಟಿಯಲ್ಲಿ ಇಳಿದರೆ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ದೂರವಿಲ್ಲ, ಟ್ಯಾಕ್ಸಿ ಹತ್ತಿ ಕೂರುವಷ್ಟರಲ್ಲಿ ಬಂದುಬಿಡುತ್ತದೆ. ಆಧಾರ್ ತೋರಿಸುವುದು, ಚೀಲಗಳಿಗೆ ಚೀಟಿ ಕಟ್ಟಿಸುವುದು, ತಪಾಸಣೆ, ಫೋಟೊ, ಎಲ್ಲ ವಿಮಾನ ನಿಲ್ದಾಣದ ರೀತಿಯೇ. ಕೈಗೊಂದು ಕಾರ್ಡು ಕೊಡುತ್ತಾರೆ. ಕೋಣೆಯ ಬೀಗವೂ ಅದೇ, ಹಡಗಿನೊಳಗೆ ಖರ್ಚಿನ ಲೆಕ್ಕವೂ ಅದರಲ್ಲೇ.

ಟರ್ಮಿನಲ್ ದಾಟಿ ಹೊರಗೆ ಬಂದಾಗ ಹಡಗು ಇಡಿಯಾಗಿ ಕಣ್ಣಿಗೆ ಬೀಳಲೇ ಇಲ್ಲ. ಒಂದು ಬಿಳಿ ಗೋಡೆ, ಅದರ ತುಂಬ ಕಿಟಕಿ. 'ಎಂಪ್ರೆಸ್' ಅದರ ಹೆಸರು, 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಉದ್ದ ಸುಮಾರು 211 ಮೀಟರ್. ನಮ್ಮ ವಿಜಯಪುರದ ಗೋಳಗುಮ್ಮಟವನ್ನು ನಾಲ್ಕು ಸಲ ಒಂದರ ಮೇಲೊಂದು ಇಟ್ಟು ಮಲಗಿಸಿದರೂ ಇದರ ಉದ್ದಕ್ಕೆ ಒಂದಿಷ್ಟು ಕಮ್ಮಿಯೇ. ಮಕ್ಕಳು ಮೇಲೆ ನೋಡುತ್ತಿದ್ದರೆ ಅವ್ವ ಮಾತ್ರ ಕೆಳಗೆ ನೋಡುತ್ತಿದ್ದಳು. ಹಡಗಿನ ಮೂತಿಯ ಹತ್ತಿರ, ನೀರು ತಾಕುವಲ್ಲಿ, ಕೆಳಗಿನಿಂದ ಮೇಲಕ್ಕೆ ಅಂಕಿಗಳನ್ನು ಬರೆದಿರುತ್ತಾರೆ. "ಅದೇನದು?" ಎಂದಳು. ಹಡಗು ಎಷ್ಟು ಮೀಟರ್ ನೀರೊಳಗಿದೆ ಎನ್ನುವ ಲೆಕ್ಕ ಎಂದೆ. ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ 519.6 ಮೀಟರ್ ಎಂಬ ಆಲಮಟ್ಟಿಯ ಭರ್ತಿ ಮಟ್ಟವನ್ನೇ ದಿನಾ ಹುಡುಕುವ ಅವ್ವನಿಗೆ ಅಷ್ಟು ಹೇಳಿದರೆ ಸಾಕಾಯಿತು. "ಇಲ್ಲೂ ಅಳತಿ ಐತಿ ಹಂಗಾರ" ಎಂದು ಏಣಿಮೆಟ್ಟಿಲ ಕಡೆ ಹೊರಟಳು.

ಕೋಣೆ ಚಿಕ್ಕದು, ಅಚ್ಚುಕಟ್ಟು. ಗುಂಡು ಕಿಟಕಿಯೊಂದಿತ್ತು. ಊಟ ಮುಗಿಸಿ ಮಕ್ಕಳು ಈಜುಕೊಳದತ್ತ ಓಡುವ ಹೊತ್ತಿಗೆ ಸುರಕ್ಷತಾ ಕವಾಯತಿಗೆ ಕರೆ ಬಂತು.

ಇದನ್ನು ಬೇಸರದ ಕೆಲಸವೆಂದು ತಿಳಿದು ಕೋಣೆಯಲ್ಲೇ ಉಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಸಮುದ್ರದ ಮೇಲಿನ ಜೀವರಕ್ಷಣೆಗೆ ದೇಶಗಳು ಕೂತು ಮೊದಲ ಒಪ್ಪಂದ ಮಾಡಿಕೊಂಡಿದ್ದು 1914ರಲ್ಲಿ. ಅಷ್ಟಾದರೂ 2012ರ ಜನವರಿಯಲ್ಲಿ ಇಟಲಿಯ ಜಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಒರಗಿ 32 ಜನ ಸತ್ತರು. ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲೇ ಇಲ್ಲ, ಆಗಿನ ನಿಯಮದಲ್ಲಿ ಅದಕ್ಕೆ 24 ಗಂಟೆಯ ಅವಕಾಶವಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಆಗಲೇಬೇಕು.

ಅವ್ವ ಮುಂದಿನ ಸಾಲಿನಲ್ಲೇ ನಿಂತಳು. ತೋರಿಸಿಕೊಡುತ್ತಿದ್ದ ಹುಡುಗಿ ಕಾರವಾರದ ಕಡೆಯವಳು, ಅವ್ವನ ಇಳಕಲ್ ಸೀರೆ ಕಂಡು ಕನ್ನಡದಲ್ಲೇ ಮಾತಾಡಿಸಿದಳು. ಏಳು ಸಣ್ಣ ಕೂಗು, ಆಮೇಲೆ ಒಂದು ಉದ್ದ ಕೂಗು ಕೇಳಿದರೆ ಇಲ್ಲಿಗೆ ಬರಬೇಕು. ಅವ್ವ ಬೆರಳು ಮಡಚಿ ಎಣಿಸಿಕೊಂಡಳು. "ನನಗೊಂದು ಹಾಕಿ ತೋರಸವಾ" ಎಂದಳು. ಆ ಹುಡುಗಿ ಸೆರಗನ್ನು ಮೆಲ್ಲಗೆ ಒಳಗೆ ಸೇರಿಸಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, ಪಟ್ಟಿ ಬಿಗಿದು, ಭುಜದ ಹತ್ತಿರ ಸಿಕ್ಕಿಸಿದ ಸೀಟಿ ತೋರಿಸಿದಳು. ಅವ್ವ ಪಟ್ಟಿಯನ್ನು ತಾನೇ ಬಿಚ್ಚಿ, ತಾನೇ ಮತ್ತೆ ಕಟ್ಟಿ ನೋಡಿದಳು. ತಿರುಗಿ ಬರುವಾಗ ನನಗೆ ಹೇಳಿದಳು: "ನೀರು ಬಂದ್ರ ಎಲ್ಲಿ ನಿಂದರಬೇಕು ಅಂತ ಇವರು ಮೊದಲ ಹೇಳತಾರ. ನಮಗ ಯಾರ್ ಹೇಳಿದ್ರು ತಮ್ಮಾ? ನೋಟಿಸ್ ಬಂತು, ಗಾಡಿ ಹೇರಿದ್ವಿ." ಮುಳುಗಡೆಯ ಬಗ್ಗೆ ಅವ್ವ ಇಷ್ಟು ನೇರವಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡಳು. ಪಡಸಾಲೆ, ನ್ಯಾಗೊಂದಿಗೆ, ಹಿತ್ತಲ ಬಾವಿ, ಆ ಮನೆಯ ಒಂದೊಂದನ್ನೂ ಅವ್ವ ಸೊಸೆಗೆ ಹೇಳುತ್ತ ಹೋದಳು.

ಸಂಜೆ ಹಗ್ಗಗಳನ್ನು ಬಿಚ್ಚಿದರು. ತೋಳಿನಷ್ಟು ದಪ್ಪದ ಹಗ್ಗ ದಂಡೆಯ ಕಬ್ಬಿಣದ ಗೂಟದಿಂದ ಕಳಚಿ ನೀರಿಗೆ ಬಿದ್ದು, ಮೇಲಿನ ಯಂತ್ರಕ್ಕೆ ಸುತ್ತಿಕೊಳ್ಳುತ್ತಾ ಹೋಯಿತು. ಚಿಕ್ಕ ಟಗ್ ದೋಣಿ ಜೊತೆಯಲ್ಲಿತ್ತು. ಬಲಕ್ಕೆ ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲಿನ ಗುಮ್ಮಟ, ಎಡಕ್ಕೆ ದೂರದಲ್ಲಿ ಎಲಿಫೆಂಟಾ. ಕೊಲಾಬಾದ ತುದಿ ದಾಟಿದರೆ ಬಂಡೆಯ ಮೇಲೆ ಒಂಟಿಯಾಗಿ ನಿಂತ ಪ್ರಾಂಗ್ಸ್ ದೀಪಸ್ತಂಭ, 1875ರದು. ಬಂದರಿನ ದಾರಿ ಬಲ್ಲ ಪೈಲಟ್ ಅಲ್ಲಿಯವರೆಗೆ ಕ್ಯಾಪ್ಟನ್ನರ ಜೊತೆಗಿದ್ದು, ಆಮೇಲೆ ಓಡುವ ಹಡಗಿನ ಪಕ್ಕೆಗೆ ತೂಗಿದ ಹಗ್ಗದ ಏಣಿಯಿಂದ ಇಳಿದು ದೋಣಿಗೆ ಕಾಲಿಟ್ಟು ಹೊರಟುಹೋಗುತ್ತಾರೆ. ನನ್ನ ಮಗ ಅದನ್ನು ನೋಡುತ್ತಾ ಉಸಿರು ಬಿಗಿಹಿಡಿದಿದ್ದ.

ದಂಡೆ ಗೆರೆಯಾಯಿತು, ಮೊಬೈಲ್ ಸಿಗ್ನಲ್ ಹೋಯಿತು. ನಾನು ಮಕ್ಕಳಿಗೆ ಕೃಷ್ಣೆಯ ಕಥೆ ಹೇಳಿದೆ. ಮಹಾಬಳೇಶ್ವರದಲ್ಲಿ ಅವಳು ಹುಟ್ಟುವ ಜಾಗದಿಂದ ಈ ಅರಬ್ಬಿ ಸಮುದ್ರ ಬರೀ 64 ಕಿಲೋಮೀಟರ್. ಆದರೂ ಘಟ್ಟಕ್ಕೆ ಬೆನ್ನು ಮಾಡಿ, ನಮ್ಮ ಜಿಲ್ಲೆಗಳನ್ನೆಲ್ಲ ಹಾದು, ಸುಮಾರು 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. "ನಮ್ಮ ಸಲುವಾಗೇ ತಿರುಗ್ಯಾಳ" ಎಂದಳು ಅವ್ವ. ಈ ಮಾತು ಅವಳ ಬಾಯಿಂದ ಬರುತ್ತದೆಂದು ನಾನೆಣಿಸಿರಲಿಲ್ಲ.

ರಾತ್ರಿಯ ಊಟ ಚೆನ್ನಾಗಿತ್ತು, ಸಸ್ಯಾಹಾರಕ್ಕೆ ಕೊರತೆಯಿಲ್ಲ. ಅವ್ವ ಅನ್ನ, ತೊವ್ವೆ, ಮೊಸರಿಗೆ ನಿಂತಳು. ನೆಲ ಸಣ್ಣಗೆ ತೂಗುತ್ತಿತ್ತು, ಯಾರಿಗೂ ವಾಂತಿ ಬರಲಿಲ್ಲ. ಅವ್ವನಿಗೆ ಹತ್ತಿದ ಚಿಂತೆ ಬೇರೆ: ಇಷ್ಟು ಸಾವಿರ ಜನರಿಗೆ ಸಿಹಿನೀರು ಎಲ್ಲಿಂದ? ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ಕಾಯಿಸಿ ಆವಿ ಮಾಡಿ, ಇಲ್ಲವೇ ಒತ್ತಡದಿಂದ ಸೂಕ್ಷ್ಮ ಪೊರೆಯಲ್ಲಿ ಸೋಸಿ, ಉಪ್ಪು ತೆಗೆದು ಬಳಸುತ್ತವೆ ಎಂದು ಹೇಳಿದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯ್ದು ಕೊಡ ತುಂಬಿಸಿದವಳು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ, ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಲೋಟ ತರಿಸಿದಳು.

ಮಲಗುವ ಮುಂದೆ ಕಿಟಕಿಯ ಕಡೆಯ ಹಾಸಿಗೆ ತನಗೇ ಬೇಕೆಂದಳು. "ನಾಳೆ ನೀವು ಗೋವಾ ನೋಡಿ ಬರ್ರಿ. ನಾ ಇಲ್ಲೇ ಇರತೀನಿ. ಆ ನೀರು ಮಾಡೋ ಮಷಿನ್ ನೋಡಾಕ ಬಿಡತಾರೇನು, ಕೇಳಿ ಬಾ." ಕೆಳಗಿಳಿದು ಕೇಳಿ ಬಂದೆ. ಯಂತ್ರದ ಕೋಣೆಗೆ ಪ್ರಯಾಣಿಕರನ್ನು ಬಿಡುವುದಿಲ್ಲವಂತೆ. ಬೆಳಿಗ್ಗೆ ಕಾರವಾರದ ಹುಡುಗಿಯನ್ನು ಹುಡುಕಿ ತಾನೇ ಕೇಳುತ್ತೇನೆ ಎಂದಳು ಅವ್ವ.